ಮಾತ್ರೆಯ ಹೊತ್ತು ಮತ್ತು ಕಿಟಕಿಯ ಮೇಲಿನ ಫೋನು

ಕೇಳುಗರಿಗೆ ನಮಸ್ಕಾರ. ದೀರ್ಘಕಾಲದ ಕಾಯಿಲೆಗಳಿಗೆ ಬರೆದುಕೊಟ್ಟ ಔಷಧಿಯನ್ನು ಮುಂದುವರಿದ ದೇಶಗಳಲ್ಲಿಯೂ ಸರಾಸರಿ ಅರ್ಧದಷ್ಟು ರೋಗಿಗಳು ಮಾತ್ರ ಸರಿಯಾಗಿ ತೆಗೆದುಕೊಳ್ಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು 2003ರ ತನ್ನ ವರದಿಯಲ್ಲಿ ಹೇಳಿತ್ತು. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮರೆವಿನ ಮಟ್ಟಿಗೆ ನೆರವಾಗಬಲ್ಲ ಸಾಧನವೊಂದು ಈಗ ಮನೆಮನೆಯಲ್ಲಿಯೂ ಇದೆ, ಅದೇ ಮೊಬೈಲ್ ಫೋನು.

ಆದರೆ ಮಲೆನಾಡಿನ ಮನೆಗಳಲ್ಲಿ ಆ ಫೋನು ಎಲ್ಲಿರುತ್ತದೆ ಎಂಬುದನ್ನು ಮೊದಲು ಯೋಚಿಸಬೇಕು. ಹೊಸನಗರ, ತೀರ್ಥಹಳ್ಳಿ, ಸಾಗರ ತಾಲ್ಲೂಕುಗಳ ಒಳಭಾಗದ ಎಷ್ಟೋ ಮನೆಗಳಲ್ಲಿ ಅದು ಯಜಮಾನರ ಕಿಸೆಯಲ್ಲಿರದೆ, ನೆಟ್‌ವರ್ಕ್ ಸಿಗುವ ಒಂದೇ ಒಂದು ಕಿಟಕಿಯಲ್ಲಿ ಚಾರ್ಜರಿನ ವೈರಿಗೆ ಅಂಟಿಕೊಂಡು ಕುಳಿತಿರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಅಲಾರಾಂ ಇಟ್ಟರೆ ಅದು ಬಡಿಯುವಾಗ ರಕ್ತದೊತ್ತಡದ ಮಾತ್ರೆ ನುಂಗಬೇಕಾದವರು ತೋಟದಲ್ಲಿರುತ್ತಾರೆ. ಅಡುಗೆಮನೆಯಿಂದ ಬಂದ ಯಾರೋ ಅದನ್ನು ನಿಲ್ಲಿಸಿ ಹೋಗುತ್ತಾರೆ. ಅಡಿಕೆ ಸುಲಿಯುವ ದಿನಗಳಲ್ಲಂತೂ ರಾತ್ರಿಯ ಊಟವೇ ತಡವಾಗಿ, ಅದರೊಡನೆ ಮಾತ್ರೆಯೂ ತಪ್ಪಿಹೋಗುತ್ತದೆ. ಹೀಗಾಗಿ ರೋಗಿಯು ಖಂಡಿತವಾಗಿ ಮನೆಯೊಳಗಿರುವ ಹೊತ್ತನ್ನು ಆರಿಸಿ, ಕೊಯ್ಲಿನ ಕಾಲ ಬಂದಾಗ ಆ ಹೊತ್ತನ್ನು ಬದಲಿಸಿಕೊಳ್ಳಬೇಕು. ಆರಿಸುವ ಹೊತ್ತು ಔಷಧಿಗೂ ಒಪ್ಪಬೇಕು: ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ಕಾಫಿಗೆ ಮುಂಚೆಯೇ ತೆಗೆದುಕೊಳ್ಳಬೇಕು, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಊಟದ ಜೊತೆಗಿರಬೇಕು.

ಮಳೆಗಾಲದಲ್ಲಿ ಕರೆಂಟು ಹೋಗಿ ಟವರೂ ಕೈಕೊಟ್ಟರೆ ಆಸ್ಪತ್ರೆಯಿಂದ ಬರಬೇಕಾದ ಕರೆಯಾಗಲಿ ಸಂದೇಶವಾಗಲಿ ಬರುವುದಿಲ್ಲ. ಫೋನಿನೊಳಗಿನ ಅಲಾರಾಮಿಗೆ ನೆಟ್‌ವರ್ಕಿನ ಹಂಗಿಲ್ಲ, ಚಾರ್ಜ್ ಇದ್ದರೆ ಸಾಕು. ಸ್ಮಾರ್ಟ್ ಫೋನಾದರೆ ಮೊಮ್ಮಗಳ ದನಿಯಲ್ಲಿ “ಅಜ್ಜಾ, ಬಿಪಿ ಮಾತ್ರೆ ತಗೊಂಡ್ಯಾ?” ಎಂದು ರೆಕಾರ್ಡ್ ಮಾಡಿ ಅದನ್ನೇ ಅಲಾರಾಮಿಗೆ ಇಡಬಹುದು; ಅಕ್ಷರ ಓದಲಾಗದವರಿಗೂ ಯಾವ ಮಾತ್ರೆಯೆಂಬುದು ತಿಳಿಯುತ್ತದೆ. ಮಾತ್ರೆ ಕೈಗೆ ಬರುವವರೆಗೆ ಅಲಾರಾಮನ್ನು ನಿಲ್ಲಿಸಬಾರದೆಂಬ ನಿಯಮವನ್ನು ಮನೆಯವರೆಲ್ಲರೂ ಪಾಲಿಸಬೇಕು.

ಇಷ್ಟಾದರೂ ಬರೀ ಸದ್ದಿಗೆ ಮಿತಿಯಿದೆ. ಕೀನ್ಯಾದಲ್ಲಿ 538 ಎಚ್ಐವಿ ರೋಗಿಗಳನ್ನೊಳಗೊಂಡು ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧದಷ್ಟು ರೋಗಿಗಳಿಗೆ ವಾರಕ್ಕೊಮ್ಮೆ ಕ್ಷೇಮ ವಿಚಾರಿಸುವ ಪುಟ್ಟ ಸಂದೇಶ ಹೋಗುತ್ತಿತ್ತು, ಅದರಲ್ಲಿ ಔಷಧಿಯ ಸುದ್ದಿಯೇ ಇರಲಿಲ್ಲ. ಎರಡು ದಿನಗಳಲ್ಲಿ ಉತ್ತರಿಸದವರಿಗೆ, ತೊಂದರೆಯಿದೆ ಎಂದವರಿಗೆ ದಾದಿಯರು ಕರೆ ಮಾಡುತ್ತಿದ್ದರು. ಅಲ್ಲಿ ಔಷಧಿ ಸೇವನೆ ಸುಧಾರಿಸಿತು. ನಮ್ಮ ದಕ್ಷಿಣ ಭಾರತದಲ್ಲೇ 631 ಎಚ್ಐವಿ ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾರಕ್ಕೊಮ್ಮೆ ಯಂತ್ರದ ಕರೆ ಮತ್ತು ಚಿತ್ರಸಂದೇಶ ಹೋದರೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎರಡೂ ಕಡೆಯ ಪರಿಸ್ಥಿತಿ ಬೇರೆಯಾದ್ದರಿಂದ ತೀರ್ಪು ಕೊಡುವುದು ಅವಸರವಾದೀತು. ಆದರೂ ಮರುಮಾತು ಕೇಳುವ ಮನುಷ್ಯರೊಬ್ಬರು ಆ ತುದಿಯಲ್ಲಿದ್ದರೆ ಫೋನಿಗೆ ಹೆಚ್ಚು ಬಲ ಬರುತ್ತದೆಂದು ನಾನು ನಂಬುತ್ತೇನೆ. ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಇರುವ ಮಗಳು ವಾರಕ್ಕೊಮ್ಮೆ “ಮಾತ್ರೆಯಿಂದ ತಲೆಸುತ್ತು ಬರ್ತಿದೆಯಾ?” ಎಂದು ಕೇಳಿದರೆ, ಮರೆವಿನ ನೆಪದ ಹಿಂದೆ ಅಡಗಿದ್ದ ನಿಜವಾದ ತೊಂದರೆ ಹೊರಬರಬಹುದು.

ಒಂದು ಹೊತ್ತಿನ ಮಾತ್ರೆ ತಪ್ಪಿತೆಂದು ಮುಂದಿನ ಹೊತ್ತಿಗೆ ಎರಡನ್ನು ಒಟ್ಟಿಗೆ ನುಂಗಬಾರದು. ತಪ್ಪಿದಾಗ ಏನು ಮಾಡಬೇಕೆಂಬುದನ್ನು ವೈದ್ಯರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಹಾಗೆಯೇ ಮನೆಯಲ್ಲಿ ಇನ್ನೂ ಹತ್ತು ದಿನಕ್ಕಾಗುವಷ್ಟು ಮಾತ್ರೆ ಉಳಿದಿರುವಾಗಲೇ ಬಡಿಯುವಂತೆ ತಿಂಗಳಿಗೊಂದು ಅಲಾರಾಂ ಇರಲಿ. ಆಷಾಢದ ಮಳೆಯಲ್ಲಿ ಮರ ಬಿದ್ದು ಬಸ್ಸು ನಿಂತರೆ ಪೇಟೆಯ ಔಷಧಿ ಅಂಗಡಿಗೆ ಹೋಗಿಬರಲು ಅಷ್ಟು ದಿನಗಳು ಬೇಕಾಗಬಹುದು. ನಮಸ್ಕಾರ.