ಪಂಚಾಯತಿ ಸಭೆಯಲ್ಲಿ ಕೇಳಲೇಬೇಕಾದ ಮಾತು: ಮಗು ಎಲ್ಲಿದೆ?

ಎಲ್ಲರಿಗೂ ನಮಸ್ಕಾರ. ಇವತ್ತಿನ ನನ್ನ ಮಾತು ಗ್ರಾಮ ಪಂಚಾಯತಿ ಸದಸ್ಯರಿಗೆ, ಅದರಲ್ಲೂ ಮೊದಲ ಸಲ ಗೆದ್ದು ಬಂದ ಹೆಣ್ಣುಮಕ್ಕಳಿಗೆ. ರಸ್ತೆ, ಚರಂಡಿ, ಬೀದಿದೀಪ, ನರೇಗಾ ಬಿಲ್ಲು ಅನ್ನುವಷ್ಟರಲ್ಲಿ ನಿಮ್ಮ ಸಭೆಯಲ್ಲಿ ಮಧ್ಯಾಹ್ನ ಆಗಿಬಿಡುತ್ತದೆ, ಅಲ್ವಾ? ಆಮೇಲೆ ಮಕ್ಕಳ ವಿಷಯ ಬಂದರೆ "ಅದನ್ನು ಇಲಾಖೆಯವರು ನೋಡಿಕೊಳ್ಳುತ್ತಾರೆ ಬಿಡಿ" ಅಂತ ಎದ್ದುಬಿಡುತ್ತೀರಿ. ದಯವಿಟ್ಟು ಏಳಬೇಡಿ. ಮಗು ಎಲ್ಲಿದೆ ಅಂತ ಕೇಳಿ. ನಾನು ಹೇಳಲು ಬಂದಿರುವುದು ಇದೊಂದೇ.

ಯಾಕೆ ಪಂಚಾಯತಿಯೇ ಕೇಳಬೇಕು? ಊರಿನ ಮಕ್ಕಳನ್ನು ದಿನಾ ನೋಡುವವರು ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಶಾಲೆಯ ಮೇಷ್ಟ್ರು. ಮೂವರ ರಿಜಿಸ್ಟರೂ ಮೂರು ಇಲಾಖೆಗೆ ಹೋಗುತ್ತವೆ. ಮೂವರನ್ನೂ ಒಟ್ಟಿಗೆ ಕೂರಿಸಿ ಕೇಳುವ ಜಾಗ ಊರಲ್ಲಿ ಒಂದೇ, ಅದು ಪಂಚಾಯತಿ. 1993ರ ಪಂಚಾಯತಿ ರಾಜ್ ಕಾಯ್ದೆಯಲ್ಲೇ ಸಾಮಾಜಿಕ ನ್ಯಾಯ ಸಮಿತಿ ಇದೆ. ಮಕ್ಕಳ ರಕ್ಷಣೆಯ ಕೆಲಸವನ್ನು ಇಂಥ ಸಮಿತಿಗೇ ವಹಿಸಬಹುದು ಅಂತ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯೂ ಹೇಳುತ್ತದೆ. ಅಂದರೆ ನೀವು ಯಾರ ಕೆಲಸಕ್ಕೂ ಸುಮ್ನೆ ಮೂಗು ತೂರಿಸುತ್ತಿಲ್ಲ. ಇದು ನಿಮ್ಮದೇ ಕೆಲಸ.

ಒಂದು ಸಂಗತಿ ಹೇಳುತ್ತೇನೆ. ಇದನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ, ಹೇಳಲೇಬೇಕು ಅನ್ನಿಸುತ್ತದೆ. ರಾಯಚೂರು ಜಿಲ್ಲೆಯ ಒಂದು ಪಂಚಾಯತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತಿತ್ತು. ನಮ್ಮ ರಾಜ್ಯದಲ್ಲಿ 2006ರಿಂದ ಈ ಸಭೆ ನಡೆಯುತ್ತಿದೆ, ಸಾಮಾನ್ಯವಾಗಿ ನವೆಂಬರ್ ಮಕ್ಕಳ ದಿನಾಚರಣೆಯ ಹೊತ್ತಿಗೆ ಶುರುವಾಗುತ್ತದೆ. ಶಾಮಿಯಾನ, ಮೈಕು, ಮುಂದೆ ಅಧಿಕಾರಿಗಳು, ನೆಲದ ಮೇಲೆ ಜಮಖಾನೆ ಹಾಸಿ ಮಕ್ಕಳು. ಹೆಡ್‌ಮಾಸ್ತರು ವರದಿ ಓದಿದರು. ಶಾಲೆ ಬಿಟ್ಟವರು ಸೊನ್ನೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹುಡುಗ ಎದ್ದು ನಿಂತ. "ಸರ್, ನಮ್ಮ ಕ್ಲಾಸಿನಾಕಿ ಒಬ್ಬಾಕಿ ದಸರಾ ಸೂಟಿ ಆದಮ್ಯಾಲೆ ಬಂದೇ ಇಲ್ರಿ."

ಅಲ್ಲಿದ್ದ ಉಪಾಧ್ಯಕ್ಷೆ ಜಾಸ್ತಿ ಓದಿದವರಲ್ಲ. ಆದರೆ ಅವರು ಬಿಡಲಿಲ್ಲ.

"ಆಕಿ ಹೆಸರು ಹಾಜರಿಯೊಳಗ ಐತೇನ್ರಿ ಮಾಸ್ತರ?"

"ಐತ್ರಿ ಮೇಡಂ."

"ಹುಡುಗಿ ಎಲ್ಲಿ ಅದಾಳ್ರಿ?"

ಮೇಷ್ಟ್ರು ಸುಮ್ಮನಾದರು. ಹಾಜರಿ ತರಿಸಿದರು. ನಾನೂ ಬಗ್ಗಿ ನೋಡಿದೆ. ಹೆಸರಿನ ಮುಂದೆ ಸಾಲಾಗಿ ಗೈರು, ಕೊನೆಯಲ್ಲಿ ಕೆಂಪು ಶಾಯಿಯಲ್ಲಿ "ದೀರ್ಘ ಗೈರು". ಹೆಸರು ತೆಗೆದಿಲ್ಲ, ಹಾಗಾಗಿ ಲೆಕ್ಕದಲ್ಲಿ ಆಕೆ ಶಾಲೆ ಬಿಟ್ಟಿಲ್ಲ! ಉಪಾಧ್ಯಕ್ಷೆ ಅಲ್ಲಿಗೇ ನಿಲ್ಲಿಸದೆ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರು. ಅವರಿಗೆ ಗೊತ್ತಿತ್ತು: ಅಪ್ಪ ತೀರಿಕೊಂಡಿದ್ದಾನೆ, ಅವ್ವ ಬೆಂಗಳೂರಿಗೆ ಗುಳೆ ಹೋಗಿದ್ದಾಳೆ, ಹುಡುಗಿ ತಮ್ಮನ ಜೊತೆ ಅಜ್ಜಿ ಮನೆಯಲ್ಲಿದ್ದಾಳೆ, ಹಗಲು ಹತ್ತಿ ಬಿಡಿಸಲು ಹೋಗುತ್ತಾಳೆ. ಆಶಾ ಕಾರ್ಯಕರ್ತೆಗೆ ಇನ್ನೂ ಒಂದು ವಿಷಯ ಗೊತ್ತಿತ್ತು. ಮದುವೆ ಮಾತುಕತೆ ನಡೆದಿದೆ. ಎಲ್ಲರಿಗೂ ಒಂದೊಂದು ತುಂಡು ಗೊತ್ತು, ಆದರೆ ಅವರನ್ನು ಒಟ್ಟಿಗೆ ಕೂರಿಸಿ ಯಾರೂ ಕೇಳಿರಲಿಲ್ಲ.

ಆವತ್ತೇ ಸಂಜೆ ಪಿಡಿಒ, ಅಂದರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಅಜ್ಜಿ ಮನೆಗೆ ಹೋದರು. ಕರ್ನಾಟಕದಲ್ಲಿ ಪಿಡಿಒ ಕೂಡ ಬಾಲ್ಯವಿವಾಹ ನಿಷೇಧಾಧಿಕಾರಿ, ಇದು ಎಷ್ಟೋ ಸದಸ್ಯರಿಗೆ ಗೊತ್ತೇ ಇಲ್ಲ. ಅಜ್ಜಿಗೆ ಬೈದು ಬರಲಿಲ್ಲ, ಅದು ನನಗೆ ಬಹಳ ಇಷ್ಟವಾಯಿತು. ಪಾಪ, ಆ ಅಜ್ಜಿಗೆ ಇದ್ದದ್ದು ಎರಡು ಹೊಟ್ಟೆ ತುಂಬಿಸುವ ಚಿಂತೆ. ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ಇದೆ, ವಿಧವೆಯರ ಮಕ್ಕಳಿಗೆ, ಅನಾಥರಾಗಿ ಬಂಧುಗಳ ಮನೆಯಲ್ಲಿ ಬೆಳೆಯುವ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ. ಹಳ್ಳಿಯಲ್ಲಾದರೆ ಮನೆಯ ವರ್ಷದ ಆದಾಯ 72,000 ರೂಪಾಯಿ ಮೀರಿರಬಾರದು. ಅರ್ಜಿ ಹೋಗಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಪಿಡಿಒ ಅವ್ವನಿಗೆ ಫೋನ್ ಮಾಡಿ ಊರಿಗೆ ಕರೆಸಿ, ಗಂಡನ ಮರಣ ಪತ್ರ, ಆಧಾರ್, ಆದಾಯ ಪತ್ರ ಎಲ್ಲ ಸೇರಿಸಿ ಅರ್ಜಿ ಹಾಕಿಸಿದರು. ಸಂಕ್ರಾಂತಿ ಕಳೆದ ಮೇಲೆ ಹುಡುಗಿ ಶಾಲೆಗೆ ಬಂದಳು.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ.

ಬೀದಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ದಿಕ್ಕಿಲ್ಲದ ಮಗು ಸಿಕ್ಕರೆ "ನಮ್ಮ ಮನೆಯಲ್ಲೇ ಇರಲಿ, ಸಾಕಿಕೊಳ್ಳುತ್ತೇವೆ" ಅನ್ನುವಂತಿಲ್ಲ. 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಇನ್ನು ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಅದು ಸಭೆಯಲ್ಲಿ ಚರ್ಚೆ ಮಾಡುವ ವಿಷಯವೇ ಅಲ್ಲ. ಊರ ಹಿರಿಯರು ಕೂತು ರಾಜಿ ಮಾಡಿಸುವ ವಿಷಯವಂತೂ ಅಲ್ಲವೇ ಅಲ್ಲ. ನೇರ ಪೊಲೀಸರಿಗೆ ಹೇಳಿ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಿದ್ದೂ ತಿಳಿಸದೆ ಇರುವುದು ಅಪರಾಧ. ಮಗುವಿನ ಗುರುತು ಹೊರಗೆ ಹಾಕುವುದೂ ಅಪರಾಧ, ವಾಟ್ಸಾಪ್ ಗುಂಪಿನಲ್ಲಿ ಫೋಟೊ ಹಾಕುವವರು ಇದನ್ನು ಕಿವಿಗೊಟ್ಟು ಕೇಳಿ.

ಕೊನೆಗೆ ನಡಾವಳಿ ಪುಸ್ತಕ. ಬಾಯಲ್ಲಿ ಕೇಳಿದ್ದು ಗಾಳಿಗೆ ಹೋಗುತ್ತದೆ. ಮಗು ಎಲ್ಲಿದೆ ಅಂತ ಕೇಳಿದ್ದನ್ನೂ, ಯಾರು ಹೋಗಿ ನೋಡಿ ಬರುತ್ತಾರೆ ಅನ್ನುವುದನ್ನೂ, ಯಾವ ತಾರೀಕಿನೊಳಗೆ ಅನ್ನುವುದನ್ನೂ ಅದರಲ್ಲಿ ಬರೆಸಿ, ಓದಿ ನೋಡಿ ಆಮೇಲೆ ಸಹಿ ಹಾಕಿ. ಮುಂದಿನ ಸಭೆಯಲ್ಲಿ ಮೊದಲು ಅದೇ ಪುಟ ತೆಗೆಸಿ. ಸಭೆಯ ನೋಟಿಸಿನಲ್ಲಿ ಮಕ್ಕಳ ವಿಷಯ ಇಲ್ಲದಿದ್ದರೆ ಪಿಡಿಒಗೆ ಹೇಳಿ ಸೇರಿಸಿ. ಮಕ್ಕಳ ಸಹಾಯವಾಣಿ 1098, ದುಡ್ಡು ಕಟ್ಟಬೇಕಿಲ್ಲ, ರಾತ್ರಿ ಹಗಲು ಯಾವಾಗ ಬೇಕಾದರೂ ಫೋನ್ ಮಾಡಬಹುದು. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: ಒಂದು, ಸೊನ್ನೆ, ಒಂಬತ್ತು, ಎಂಟು. ನಮಸ್ಕಾರ.