ಗುಡ್ಡವೇ ಬೇಕೇನು? ಭೀಮೆಯ ದಂಡೆಗೆ ಬನ್ನಿ

(ಕಲಬುರಗಿಯಲ್ಲಿ ಹೊಸ ನಡಿಗೆ ಬಳಗವೊಂದರ ಆರಂಭದ ದಿನ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ವೇದಿಕೆ ಮೇಲಿರುವ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾ ಹೋದರೆ ನನ್ನ ಸಮಯ ಅಲ್ಲೇ ಮುಗಿದುಹೋಗುತ್ತದೆ. ಅವರು ಬೇಜಾರು ಮಾಡಿಕೊಳ್ಳುವುದಿಲ್ಲ ಅಂದುಕೊಂಡು ನೇರ ವಿಷಯಕ್ಕೆ ಬರುತ್ತೇನೆ.

ನಮ್ಮ ಕಡೆ ಗುಡ್ಡ ಇಲ್ಲ, ಹಾಗಾಗಿ ನಡೆಯೋಕೆ ಜಾಗ ಇಲ್ಲ ಅನ್ನೋ ಒಂದು ಮಾತಿದೆ. ಈ ಬಳಗದ ಮಕ್ಕಳು ನನಗೆ ತೋರಿಸಿದ ಪಟ್ಟಿಯಲ್ಲೂ ಕುಮಾರ ಪರ್ವತ, ಕೊಡಚಾದ್ರಿ, ಮುಳ್ಳಯ್ಯನಗಿರಿ ಇದ್ದವು. ಹೋಗಿ ಬನ್ನಿ, ಬೇಡ ಅನ್ನುವುದಿಲ್ಲ. ಆದರೆ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು, ಮಳೆಯಲ್ಲಿ ನೆನೆದು, ಜಿಗಣೆಗೆ ರಕ್ತ ಕೊಟ್ಟು ಬಂದರೆ ಮಾತ್ರ ನಡೆದ ಹಾಗೆ ಅಂತ ಯಾರು ಹೇಳಿದರು? ನಡೆಯೋಕೆ ಏರು ಬೇಕಿಲ್ಲ. ದಾರಿ ಬೇಕು, ದಾರಿಯಲ್ಲಿ ನೋಡೋಕೆ ಏನಾದರೂ ಇರಬೇಕು. ಅವೆರಡೂ ನಮ್ಮ ಭೀಮಾ ದಂಡೆಯಲ್ಲಿ ಇವೆ.

ಭೀಮೆ ಹುಟ್ಟುವುದು ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ. 861 ಕಿಲೋಮೀಟರ್ ಹರಿದು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಗೆ ಸೇರುತ್ತಾಳೆ. ನಮ್ಮಲ್ಲಿಗೆ ಬರುವ ಹೊತ್ತಿಗೆ ಅವಳಿಗೆ ಯಾವ ಅವಸರವೂ ಇರುವುದಿಲ್ಲ. ಮಳೆಗಾಲ ಬಿಟ್ಟು ಹೇಳುತ್ತಿದ್ದೇನೆ. 2020ರ ಅಕ್ಟೋಬರ್ ಪ್ರವಾಹ ನೋಡಿದವರು ಇಲ್ಲಿ ಎಷ್ಟೋ ಮಂದಿ ಇದ್ದೀರಿ, ಅವರ ಮುಂದೆ ಭೀಮೆ ಸೌಮ್ಯ ಅಂದರೆ ನಗುತ್ತಾರೆ. ಆದರೆ ದೀಪಾವಳಿ ಕಳೆದ ಮೇಲೆ ದಂಡೆಗೆ ಹೋಗಿ ನೋಡಿ. ಒಂದು ಕಡೆ ನೀರು, ಇನ್ನೊಂದು ಕಡೆ ಎರೆ ಹೊಲ. ತೊಗರಿ ಹೂ ಬಿಟ್ಟಿರುತ್ತದೆ. ಬಿಳಿಜೋಳ ಮೊಣಕಾಲುದ್ದ ಬಂದಿರುತ್ತದೆ. ಬಂಡಿಜಾಡು ಸಮತಟ್ಟಾಗಿ ಹೋಗುತ್ತಿರುತ್ತದೆ. ಎಪ್ಪತ್ತರ ಮುತ್ಯಾನೂ ನಡೆಯಬಹುದು, ಏಳು ವರ್ಷದ ಮೊಮ್ಮಗಳೂ ನಡೆಯಬಹುದು.

ನನ್ನ ಒಂದು ಹಠದ ಮಾತಿದೆ. ಗೆಳೆಯರು ಕೇಳಿ ಕೇಳಿ ಸಾಕಾಗಿದ್ದಾರೆ, ಈಗ ನಿಮ್ಮ ಸರದಿ. ನಾವು ಜಾಗ ನೋಡುತ್ತೇವೆ, ಜಾಗದ ನಡುವಿನದ್ದನ್ನು ನೋಡುವುದಿಲ್ಲ. ಕಾರಿನಲ್ಲಿ ಕನಗನಹಳ್ಳಿಯ ಬೌದ್ಧ ಸ್ತೂಪಕ್ಕೆ ಹೋಗಿ ಹತ್ತು ನಿಮಿಷ, ಒಂದು ಸೆಲ್ಫಿ. ಮತ್ತೆ ಕಾರು. ಸನ್ನತಿಯಲ್ಲಿ ತಾಯಿ ಚಂದ್ರಲಾಂಬೆಗೆ ಕೈ ಮುಗಿದು, ಪ್ರಸಾದ ತಿಂದು ವಾಪಸ್. ಎರಡೂ ನೋಡಿದೆವು ಅಂತ ಮನೆಗೆ ಬಂದು ಹೇಳುತ್ತೇವೆ. ಆದರೆ ಆ ಎರಡು ಬೇರೆ ಬೇರೆ ಊರುಗಳಲ್ಲ, ಸ್ವಾಮಿ. ಎರಡು ಸಾವಿರ ವರ್ಷದ ಹಿಂದೆ ಅದೆಲ್ಲ ಒಂದೇ ದೊಡ್ಡ ನೆಲೆ. ನಡುವಿನ ಮೂರು ಕಿಲೋಮೀಟರ್ ನಡೆದರೆ ಮಾತ್ರ ಅದು ಗೊತ್ತಾಗುತ್ತದೆ.

ಬೆಳಿಗ್ಗೆ ಕನಗನಹಳ್ಳಿಯಿಂದ ಶುರು ಮಾಡಿ. ಅಲ್ಲಿರುವುದು ಬೌದ್ಧ ಮಹಾಸ್ತೂಪ. ಶಾಸನಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಒಂದು ಚಪ್ಪಡಿ ಸಿಕ್ಕಿತು. ಒಬ್ಬ ರಾಜ, ಪಕ್ಕದಲ್ಲಿ ರಾಣಿ, ಹಿಂದೆ ಚಾಮರ ಹಿಡಿದವರು. ಮೇಲೆ ಬ್ರಾಹ್ಮಿ ಲಿಪಿಯಲ್ಲಿ 'ರಾಯಾ ಅಸೋಕೋ', ಅಂದರೆ ರಾಜ ಅಶೋಕ. ಹೆಸರು ಬರೆದ ಅಶೋಕನ ಚಿತ್ರ ಅದಕ್ಕೆ ಮುಂಚೆ ಎಲ್ಲೂ ಸಿಕ್ಕಿರಲಿಲ್ಲ. ಸಾಮ್ರಾಟನ ಮುಖಕ್ಕೆ ಹೆಸರು ಹಚ್ಚಿ ಕೊಟ್ಟದ್ದು ನಮ್ಮ ಚಿತ್ತಾಪುರ ತಾಲೂಕು. ಸಾತವಾಹನ ರಾಜರ ಹೆಸರಿನ ಶಿಲ್ಪಗಳೂ ಅಲ್ಲೇ ಸಿಕ್ಕಿವೆ.

ಆ ಕಲ್ಲನ್ನು ಸ್ವಲ್ಪ ಹತ್ತಿರದಿಂದ ನೋಡಿ. ನಮ್ಮ ಮನೆಯ ಪಡಸಾಲೆಗೆ ಹಾಕಿದ ಫರ್ಸಿಯ ಬಳಗವೇ ಅದು, ಸುಣ್ಣಕಲ್ಲು. ಈ ಸೀಮೆಯ ಕಲ್ಲು ನೆಲದಲ್ಲಿ ಪದರು ಪದರಾಗಿ ಮಲಗಿದೆ. ಎಬ್ಬಿಸಿದರೆ ಹಾಳೆಯ ಹಾಗೆ ಬರುತ್ತದೆ. ಅಂಥ ಕಲ್ಲು ಸಿಕ್ಕಿದ್ದರಿಂದಲೇ ಶಿಲ್ಪಿ ಅಷ್ಟು ದೊಡ್ಡ ಚಪ್ಪಡಿಗಳ ಮೇಲೆ ಕಥೆ ಹೇಳಿದ. ಮುಂದೆ ನಡೆಯುವಾಗ ಅದೇ ಕಲ್ಲು ಹೊಲದ ಬದುವಿನಲ್ಲಿ ನೆಟ್ಟಗೆ ನಿಂತಿರುತ್ತದೆ, ಮನೆ ಮಾಳಿಗೆಯಲ್ಲಿರುತ್ತದೆ, ಎಮ್ಮೆಗೆ ನೀರು ಕುಡಿಸುವ ಕಡೆಯೂ ಇರುತ್ತದೆ. ಕಾರಿನ ಗಾಜಿನಿಂದ ಇದು ಕಾಣುವುದಿಲ್ಲ. ಹೇಳಿದೆನಲ್ಲ, ನಡುವಿನದ್ದು ಅಂತ.

ಆ ನಡುವಿನಲ್ಲೇ ರಣಮಂಡಲ ಇದೆ. ಕೋಟೆ ಇದ್ದ ಜಾಗ, ಸುಮಾರು 210 ಎಕರೆ. ಅಗೆದದ್ದು ಬಹಳ ಸ್ವಲ್ಪ. ನೀವು ದಿಬ್ಬದ ಮೇಲೆ ನಡೆಯುತ್ತಿರುತ್ತೀರಿ, ಕಾಲ ಕೆಳಗೆ ಮಡಕೆ ಚೂರು, ಇಟ್ಟಿಗೆ ತುಂಡು. ದಯವಿಟ್ಟು ಒಂದನ್ನೂ ಕಿಸೆಗೆ ಹಾಕಬೇಡಿ. "ಒಂದೇ ಚೂರು ಸರ್, ನೆನಪಿಗೆ" ಅನ್ನುವವರು ಪ್ರತಿ ತಂಡದಲ್ಲೂ ಒಬ್ಬರು ಇರುತ್ತಾರೆ. ನೆನಪಿಗೆ ಫೋಟೋ ತೆಗೆಯಿರಿ.

ಈಗ ಸನ್ನತಿ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಈ ಕಥೆ ಬಿಟ್ಟರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯೊಂದಿತ್ತು. 1986ರಲ್ಲಿ ಅದರ ಮಾಳಿಗೆ ಕುಸಿಯಿತು. ಮೂರ್ತಿಗೂ ಪೆಟ್ಟಾಯಿತು. ಕಲ್ಲು ಮಣ್ಣು ಎತ್ತಿ ಸರಿ ಮಾಡುವಾಗ ತಾಯಿಯ ಕೆಳಗಿದ್ದ ಪೀಠದ ಕಲ್ಲು ಹೊರಗೆ ಬಂತು. ನೋಡಿದರೆ ಎರಡೂ ಮಗ್ಗುಲಿಗೆ ಅಕ್ಷರ! ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಅಶೋಕನ ಶಾಸನ. ಮೂರ್ತಿ ಕೂರಿಸಲು ಹಿಂದೆ ಯಾರೋ ಅದರ ನಡುವೆ ಚೌಕಾಗಿ ತೂತು ಕೊರೆದಿದ್ದರು. ಕೆಲವು ಸಾಲು ಆ ತೂತಿನಲ್ಲೇ ಹೋದವು. ವಿದ್ವಾಂಸರು ಇವತ್ತಿಗೂ ಆ ತೂತಿಗೆ ಮರುಗುತ್ತಾರೆ.

ನಾನೂ ಮರುಗುತ್ತಾ ಒಮ್ಮೆ ಅಲ್ಲಿ ನಿಂತಿದ್ದೆ. ಕಟ್ಟೆ ಮೇಲೆ ಕೂತಿದ್ದ ಒಬ್ಬ ಮುತ್ಯಾ ಕೇಳಿದ, "ಯಾಕ್ರೀ ಸರ್, ಮಾರಿ ಸಣ್ಣದ್ ಮಾಡ್ಕೊಂಡೀರಿ?" ಹೇಳಿದೆ. ಅಜ್ಜನಿಗೆ ನಗು ಬಂತು. "ರಾಜಾ ಬರ್ಸಿದಾ, ಹೋದಾ. ಊರಾಗ ಯಾರಿಗೀ ಓದ್ಲಾಕ ಬರ್ತಿರ್ಲಿಲ್ಲ. ಬಯಲಾಗ ಬಿಟ್ಟಿದ್ರ ಯಾರರ ಒಡ್ದು ಗ್ವಾಡಿಗಿ ಹಚ್ತಿದ್ರು. ಅವ್ವನ ಕಾಲ್ ಕೆಳಗ ಇತ್ತಂತ ಉಳೀತ್ರೀ." ನಾನು ಏನು ಉತ್ತರ ಕೊಡಲಿ? ಅವನು ಹೇಳಿದ್ದು ಸರಿಯೇ ಇತ್ತು. ಅಲ್ಲೇ ಕೂತು ಅವನ ಜೊತೆ ಚಹಾ ಕುಡಿದೆ. ದುಡ್ಡು ಅವನೇ ಕೊಟ್ಟ, "ನೀವು ನಮ್ಮೂರಿಗಿ ಬಂದೋರು" ಅಂತ.

ಆ ಕಲ್ಲಿನ ಮೇಲೆ ಏನಿದೆ ಅಂತ ಸ್ವಲ್ಪ ಹೇಳಬೇಕು. ಒಂದು ಮಗ್ಗುಲಿಗೆ ಅಶೋಕನ ಹದಿನಾಲ್ಕು ಬಂಡೆ ಶಾಸನಗಳ ಸಾಲಿನ ಹನ್ನೆರಡನೆಯದು ಮತ್ತು ಹದಿನಾಲ್ಕನೆಯದು. ಇನ್ನೊಂದು ಮಗ್ಗುಲಿಗೆ ಆ ಸಾಲಿಗೆ ಸೇರದ, 'ಪ್ರತ್ಯೇಕ' ಅಂತಲೇ ಕರೆಯುವ ಎರಡು ಶಾಸನಗಳು. ಆ ಪ್ರತ್ಯೇಕ ಶಾಸನಗಳು ಅಲ್ಲಿಯವರೆಗೆ ಸಿಕ್ಕಿದ್ದು ಕಳಿಂಗದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ. ಎಲ್ಲಿಯ ಒಡಿಶಾ, ಎಲ್ಲಿಯ ಸನ್ನತಿ! ಅವು ಅಧಿಕಾರಿಗಳಿಗೆ ಹೇಳಿದ ಬುದ್ಧಿಮಾತು. ಪ್ರಜೆಗಳೆಲ್ಲ ನನ್ನ ಮಕ್ಕಳು, ಸಿಟ್ಟು ಬಿಡಿ, ಅವಸರ ಬಿಡಿ, ಸೋಮಾರಿತನ ಬಿಡಿ ಅಂತ. ಇಲ್ಲಿ ಸರ್ಕಾರಿ ನೌಕರರು ಇದ್ದರೆ ಸಿಟ್ಟಾಗಬೇಡಿ. ನಾನೂ ಪೆನ್ಶನ್ ತಿನ್ನುವ ಮೇಷ್ಟ್ರೇ.

ಹನ್ನೆರಡನೆಯದು ನಮ್ಮೆಲ್ಲರಿಗೂ ಹೇಳಿದ್ದು. ತನ್ನ ಪಂಥವನ್ನು ಹೊಗಳಲು ಹೋಗಿ ಬೇರೆಯವರದನ್ನು ತೆಗಳುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ, ನಾಲಿಗೆ ಹಿಡಿತದಲ್ಲಿರಲಿ, ಒಬ್ಬರದ್ದು ಒಬ್ಬರು ಕೇಳಿಸಿಕೊಳ್ಳಲಿ ಅನ್ನುವುದು ಅದರ ತಾತ್ಪರ್ಯ. ಅದನ್ನು ಅಶೋಕ ಯಾವ ಪ್ರಾಂತ್ಯದ ಯಾವ ಜಗಳ ನೋಡಿ ಬರೆಸಿದನೋ. ಆದರೆ ಆ ಕಲ್ಲಿನ ಮೇಲೆ ಶಕ್ತಿದೇವತೆ ನಿಂತಳು, ಬೌದ್ಧ ಸ್ತೂಪ ಮೂರು ಕಿಲೋಮೀಟರ್ ದೂರದಲ್ಲಿದೆ. ಸುಮ್ನೆ ಯೋಚನೆ ಮಾಡಿ.

ಸನ್ನತಿಯಿಂದ ನದಿಗೆ ಇಳಿಯಬಹುದು. ನೋಡಿ, ಕೂತುಕೊಳ್ಳಿ, ಬುತ್ತಿ ಬಿಚ್ಚಿ. ಈಜಬೇಡಿ. ಬ್ಯಾರೇಜಿನ ನೀರು ಯಾವಾಗ ಏರುತ್ತದೆ ಹೇಳಲು ಬರುವುದಿಲ್ಲ. ಮರಳು ತೆಗೆದ ಗುಂಡಿಗಳು ನೀರಿನ ಕೆಳಗೆ ಕಾಣುವುದಿಲ್ಲ. ಮರಳಿನ ಬಗ್ಗೆ ಮಾತಾಡಿದರೆ ಬೇರೆಯೇ ಭಾಷಣ ಆಗುತ್ತದೆ, ಮತ್ತು ನನ್ನನ್ನು ಮತ್ತೆ ಕರೆಯುವುದಿಲ್ಲ.

ಎರಡನೆಯ ದಾರಿ ಕಾಗಿಣಾ. ಶಹಾಬಾದ ಹತ್ತಿರದ ಹೊನಗುಂಟಾದಲ್ಲಿ ಕಾಗಿಣಾ ಭೀಮೆಗೆ ಸೇರುತ್ತದೆ. ಅಲ್ಲೂ ಚಂದ್ರಲಾಂಬೆ ಇದ್ದಾಳೆ. ಜನ ಹೇಳುವ ಕಥೆ ಹೀಗಿದೆ. ಭಕ್ತನೊಬ್ಬ ತನಗಾದ ಅನ್ಯಾಯಕ್ಕೆ ತಾಯಿಯ ಮೊರೆ ಹೋದ. ತಾಯಿ ಅಂದಳು, ನೀನು ಮುಂದೆ ನಡಿ, ನಾನು ಹಿಂದೆ ಬರುತ್ತೇನೆ, ತಿರುಗಿ ಮಾತ್ರ ನೋಡಬೇಡ. ಗೆಜ್ಜೆ ಸದ್ದು ಕೇಳುತ್ತಾ ಅವನು ಬಂದ. ಹೊನಗುಂಟಾದಲ್ಲಿ ಸದ್ದು ನಿಂತಿತು. ತಿರುಗಿಯೇ ಬಿಟ್ಟ. ತಾಯಿ ಅಲ್ಲೇ ನಿಂತಳು. ಮುಂದೆ ಸನ್ನತಿಯಲ್ಲಿ ದುಂಬಿಗಳಾಗಿ ಬಂದು ದುಷ್ಟ ರಾಜನನ್ನು ಮುಗಿಸಿದಳು. ಗಮನಿಸಿ, ದೇವಿಯೂ ನಡೆದೇ ಬಂದಳು! ಹೊನಗುಂಟಾ ಮತ್ತು ಸನ್ನತಿಯ ನಡುವಿನದ್ದನ್ನು ಆ ಕಥೆ ಹಿಡಿದಿಟ್ಟಿದೆ. ಮತ್ತೆ ಅಲ್ಲಿಗೇ ಬಂದೆ, ಕ್ಷಮಿಸಿ.

ಕಾಗಿಣಾ ದಂಡೆಯಲ್ಲಿ ಮೇಲಕ್ಕೆ ಹೋದರೆ ಮಳಖೇಡ. ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ. ನವೆಂಬರ್ ಒಂದಕ್ಕೆ ನಾವೆಲ್ಲ ಕಾವೇರಿಯಿಂದ ಗೋದಾವರಿವರೆಗೆ ಅಂತ ಗಂಟಲು ಹರಿದುಕೊಳ್ಳುತ್ತೇವೆ. ಆ ಮಾತು ಹುಟ್ಟಿದ ಆಸ್ಥಾನದ ಊರಲ್ಲಿ ಒಂದು ಗಂಟೆ ನಡೆದವರು ಕೈ ಎತ್ತಿ ನೋಡೋಣ. ... ನಾಲ್ಕು ಜನ. ಅದರಲ್ಲಿ ಒಬ್ಬರು ಮಳಖೇಡದವರೇ, ನನಗೆ ಗೊತ್ತು, ಕೈ ಇಳಿಸಿ.

ಅಲ್ಲಿ ಕೋಟೆ ಇದೆ, ನೇಮಿನಾಥ ಬಸದಿ ಇದೆ, ಟೀಕಾಚಾರ್ಯರೆನಿಸಿದ ಮಾಧ್ವ ಯತಿ ಜಯತೀರ್ಥರ ಬೃಂದಾವನ ನದಿ ದಂಡೆಯಲ್ಲೇ ಇದೆ, ದರ್ಗಾ ಇದೆ. ಎಲ್ಲ ಒಂದು ಬೆಳಗಿನ ನಡಿಗೆಯೊಳಗೆ. 972ರಲ್ಲಿ ಮಾಳವದ ಪರಮಾರ ರಾಜ ಸೀಯಕ ಈ ಊರನ್ನು ಲೂಟಿ ಮಾಡಿದ. ಆ ಮೇಲೆ ರಾಜಧಾನಿ ಹೋಯಿತು, ಊರು ಉಳಿಯಿತು. ಈ ಊರಿನ ಬಗ್ಗೆ ಹೇಳೋಕೆ ನನ್ನ ಹತ್ತಿರ ನಾಲ್ಕು ಪುಟ ಟಿಪ್ಪಣಿ ಇದೆ...

ಚೀಟಿ ಬಂತು. "ಐದು ನಿಮಿಷ". ಅಕ್ಷರ ಚೆನ್ನಾಗಿದೆ.

ಸರಿ, ನಾಲ್ಕು ಪುಟ ಮಡಚಿದೆ. ನಾಗಾವಿಯನ್ನೂ ಬಿಟ್ಟೆ. ಚಿತ್ತಾಪುರದ ಪಕ್ಕದ ಆ ಘಟಿಕಾಸ್ಥಾನದಲ್ಲಿ, ಅಂದರೆ ಆಗಿನ ವಿದ್ಯಾಪೀಠದಲ್ಲಿ, ಗ್ರಂಥಪಾಲಕರೂ ಇದ್ದರು ಅಂತ 1058ರ ಶಾಸನ ಹೇಳುತ್ತದೆ, ಅಷ್ಟು ಸಾಕು. ಫಿರೋಜಾಬಾದ್ ಒಂದು ವಾಕ್ಯ. ಬಹಮನಿ ಫಿರೋಜ್ ಶಾಹ 1400ರ ಸುಮಾರಿಗೆ ಕಲಬುರಗಿಯ ದಕ್ಷಿಣಕ್ಕೆ ಭೀಮೆಯ ಬಾಗಿನಲ್ಲಿ ಕಟ್ಟಿದ ಅರಮನೆ ಪಟ್ಟಣ, ಮೂರು ಕಡೆ ಕೋಟೆಗೋಡೆ, ನಾಲ್ಕನೆಯ ಕಡೆ ನದಿಯೇ ಗೋಡೆ. ಈಗ ಒಳಗೆಲ್ಲ ಹೊಲ, ಜಾಲಿ ಕಂಟಿ.

ಇನ್ನು ವ್ಯವಹಾರದ ಮಾತು. ಏಪ್ರಿಲ್ ಮೇ ತಿಂಗಳಲ್ಲಿ ನಡೆಯುತ್ತೇನೆ ಅನ್ನುವವರು ನನ್ನ ಹೆಸರು ಹೇಳಬೇಡಿ, ನಮ್ಮ ಬಿಸಿಲು ನಿಮಗೆ ಗೊತ್ತು. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಎಳ್ಳಮವಾಸ್ಯೆ ಹೊತ್ತಿಗೆ ಹೋದರೆ ಹೊಲದಲ್ಲಿ ಚರಗ ಚೆಲ್ಲುತ್ತಿರುತ್ತಾರೆ, ಅಂದರೆ ಭೂಮಿತಾಯಿಗೆ ಎಡೆ ಹಾಕುತ್ತಿರುತ್ತಾರೆ. ದಾರಿಯಲ್ಲಿ ಹೋಗುವವರನ್ನು ಕರೆದು ಭಜ್ಜಿ, ರೊಟ್ಟಿ, ಕಡುಬು ತಿನ್ನಿಸದೆ ಬಿಡುವುದಿಲ್ಲ, ನಡಿಗೆ ಅಲ್ಲಿಗೇ ಮುಗಿಯಬಹುದು. ಬದು ಮೇಲೆ ನಡೆಯಿರಿ, ಪೀಕು ತುಳಿಯಬೇಡಿ. ಮಳೆಯಾದ ಮರುದಿನ ಎರೆ ಹೊಲಕ್ಕೆ ಇಳಿಯಬೇಡಿ, ಒಂದೊಂದು ಚಪ್ಪಲಿ ಎರಡು ಕಿಲೋ ಆಗುತ್ತದೆ. ನೀರು ಜಾಸ್ತಿ ಇರಲಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ. ಪ್ಲಾಸ್ಟಿಕ್ ವಾಪಸ್ ತನ್ನಿ. ರೈಲಿನಲ್ಲಿ ಬರುವವರಿಗೆ ನಾಲವಾರ ಸ್ಟೇಷನ್ ಹತ್ತಿರ.

ಮೊದಲ ನಡಿಗೆ ಕನಗನಹಳ್ಳಿಯಿಂದ ಸನ್ನತಿಗೆ, ಮುಂದಿನ ಭಾನುವಾರ. ಹೋಗಿ ಬರುವುದು ಸೇರಿ ಆರೇಳು ಕಿಲೋಮೀಟರ್, ಅಷ್ಟೇ. ಬಾಗಿಲ ಹತ್ತಿರ ಒಬ್ಬ ತಂಗಿ ವಹಿ ಹಿಡಿದು ಕೂತಿದ್ದಾಳೆ, ಹೆಸರು ಬರೆಸಿ. ಬಸ್ಸು ಬೆಳಿಗ್ಗೆ ಆರಕ್ಕೆ. ನಮ್ಮ ಊರಿನ ಆರು ಅಂದರೆ ಏಳು ಅಂತ ನನಗೂ ಗೊತ್ತು, ಡ್ರೈವರನಿಗೆ ಗೊತ್ತಿಲ್ಲ, ಅವನು ಹೊರಗಿನವನು. ಪ್ರಶ್ನೆ ಇದ್ದವರು ಹೊರಗೆ ಸಿಗಿ, ಮಳಖೇಡದ ನಾಲ್ಕು ಪುಟ ಇನ್ನೂ ಜೇಬಿನಲ್ಲೇ ಇವೆ.

ನಮಸ್ಕಾರ.