ಜೋಡಿ ಅಗಲಿಸಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಬಳ್ಳಾರಿ, ಸಂಡೂರು, ಗಂಗಾವತಿ, ಸಿಂಧನೂರು ಕಡೆ ಗ್ಯಾರೇಜಿನ ಮೂಲೆಯಲ್ಲಿ ರೇಡಿಯೊ ಹಚ್ಚಿಕೊಂಡು ಕೈಗೆ ಗ್ರೀಸ್ ಮಾಡಿಕೊಂಡಿರುವ ಹುಡುಗರಿದ್ದಾರಲ್ಲ, ಇವತ್ತಿನ ಮಾತು ಅವರಿಗೆ. ಹಾಗೆಯೇ ಹಳೆ ಕಾರೊಂದನ್ನು ಶೆಡ್ಡಿನಲ್ಲಿ ಇಟ್ಟುಕೊಂಡು, ಇದನ್ನು ಮತ್ತೊಮ್ಮೆ ರಸ್ತೆಗೆ ಇಳಿಸಬೇಕು ಅಂತ ಆಸೆಪಡುವವರಿಗೆ.

ವಿಷಯ ಇಷ್ಟು. ಹಳೆ ಸ್ಪೋರ್ಟ್ಸ್ ಕಾರಿನ ಎಂಜಿನ್ನನ್ನು ಗುಜರಿ ಸಾಮಾನಿನಿಂದ ಕಟ್ಟುವುದು ಹೇಗೆ? ಉದಾಹರಣೆಗೆ ಟ್ರಯಂಫ್ ಸ್ಪಿಟ್‌ಫೈರ್ ತೆಗೆದುಕೊಳ್ಳುತ್ತೇನೆ. ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ 1962ರಿಂದ 1980ರವರೆಗೆ ತಯಾರಾದ, ಎರಡೇ ಸೀಟಿನ, ತೆರೆದ ಕಾರು. ಇದರ ಎಂಜಿನ್ನಿಗೆ ದೊಡ್ಡ ಬಳಗ ಇದೆ. 1953ರಲ್ಲಿ ಸ್ಟ್ಯಾಂಡರ್ಡ್ ಏಯ್ಟ್ ಅನ್ನುವ ಪುಟ್ಟ ಕಾರಿಗೆ 803 ಸಿಸಿ ಎಂಜಿನ್ ಮಾಡಿದರು. ಅದೇ ಬೆಳೆದು 948 ಆಯಿತು, 1147 ಆಯಿತು, 1296 ಆಯಿತು. ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 58 ಮಿಲಿಮೀಟರಿನಿಂದ 63, 69.3, 73.7 ಹೀಗೆ ಹಿಗ್ಗುತ್ತಾ ಹೋಯಿತು. ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲಿನಿಂದ ಕೆಳಗೆ ಓಡುವ ದೂರ, ಮಾತ್ರ ಅಷ್ಟರಲ್ಲೂ 76 ಮಿಲಿಮೀಟರೇ. ನಮ್ಮಲ್ಲಿ ಮದ್ರಾಸಿನಿಂದ ಬರುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್, ಆಮೇಲಿನ ಗೆಜೆಲ್, ಎರಡರಲ್ಲೂ ಇದ್ದದ್ದು ಇದೇ ಮನೆತನದ 948 ಸಿಸಿ ಎಂಜಿನ್. ಅಂದರೆ ಆ ಸ್ಪೋರ್ಟ್ಸ್ ಕಾರಿನ ದಾಯಾದಿಗಳು ನಮ್ಮ ಗುಜರಿ ಅಂಗಡಿಗಳಲ್ಲೇ ಬಿದ್ದಿದ್ದಾರೆ.

ದಾಯಾದಿ ಅಂದಮಾತ್ರಕ್ಕೆ ಒಂದೇ ತಟ್ಟೆಯಲ್ಲಿ ಉಣ್ಣುವುದಿಲ್ಲ. 63 ಮಿಲಿಮೀಟರ್ ಬೋರಿನ ಹೆಡ್ಡು, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, 69.3ರ ಬ್ಲಾಕಿಗೆ, ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಮೈಗೆ, ಆಗುವುದಿಲ್ಲ. ಸ್ಟ್ರೋಕ್ ಒಂದೇ ಅಂತ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಕೆಳಗಿನ ಶಾಫ್ಟು, ಕೂರುವುದಿಲ್ಲ. 1296 ಸಿಸಿಯಲ್ಲೇ ಎರಡು ಬಗೆ ಇವೆ. ಮೊದಲಿನದರಲ್ಲಿ ಮೇನ್ ಜರ್ನಲ್, ಅಂದರೆ ಬ್ಲಾಕಿನ ಬೇರಿಂಗಿನಲ್ಲಿ ಕೂರುವ ಕ್ರ್ಯಾಂಕಿನ ದುಂಡು ಭಾಗ, ಸುಮಾರು 2 ಇಂಚು, ಮಾರ್ಕ್ ಫೋರ್ ಅನ್ನುವ ನಾಲ್ಕನೇ ಆವೃತ್ತಿಯ ಕಾರಿನಿಂದ ಈಚೆಗೆ ಸುಮಾರು 2.31 ಇಂಚು. ದೂರದಿಂದ ನೋಡಿದರೆ ಎರಡೂ ಅವಳಿ ಮಕ್ಕಳು. ಎಂಜಿನ್ ನಂಬರಿನ ಮುಂದಿನ ಅಕ್ಷರ ಓದಿ. ಎಫ್‌ಸಿ ಇದ್ದರೆ 1147ರ ಸ್ಪಿಟ್‌ಫೈರ್, ಎಫ್‌ಡಿ ಇದ್ದರೆ ಮಾರ್ಕ್ ತ್ರೀ. ಆಮೇಲೆ ವರ್ನಿಯರ್ ಹಿಡಿದು ಅಳೆಯಿರಿ.

ಈಗ ನನ್ನ ಮುಖ್ಯ ಮಾತು. ಎಂಜಿನ್ನಿನ ಒಳಗೆ ಒಂಟಿ ಸಾಮಾನು ಅನ್ನುವುದೇ ಇಲ್ಲ. ಎಲ್ಲವೂ ಜೋಡಿ. ಬ್ಲಾಕಿಗೆ ಕ್ರ್ಯಾಂಕನ್ನು ಕೆಳಗಿನಿಂದ ಹಿಡಿಯುವ ಅದರ ಮೇನ್ ಕ್ಯಾಪು, ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡಿಗೆ ಅದರ ಕ್ಯಾಪು, ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟಿಗೆ ಅದರ ಮೇಲೆ ಕೂರುವ ಫಾಲೋವರು, ಬೋರಿಗೆ ಅದರ ಪಿಸ್ಟನ್ನು, ಕ್ರ್ಯಾಂಕಿಗೆ ಅದನ್ನು ಸುತ್ತುವರಿಯುವ ಅರ್ಧದುಂಡಿನ ಬೇರಿಂಗ್ ಶೆಲ್ಲು. ಗುಜರಿಯಿಂದ ಸಾಮಾನು ತನ್ನಿ, ಧಾರಾಳವಾಗಿ ತನ್ನಿ. ಆದರೆ ಜೋಡಿ ಅಗಲಿಸಬೇಡಿ.

ಅಗಲಿಸಿದರೆ ಏನಾಗುತ್ತದೆ ಅಂತ ಒಂದು 1147 ಸಿಸಿ ಬ್ಲಾಕಿನ ಕಥೆಯಲ್ಲೇ ಹೇಳುತ್ತೇನೆ. ಆ ಕಾರಿನ ಮೂಲ ಬ್ಲಾಕು ಬಿಸಿಗೆ ಸೀಳಿತ್ತು. ದೂರದ ಊರಿನ ಗುಜರಿಯಲ್ಲಿ ಇನ್ನೊಂದು ಸಿಕ್ಕಿತು. ತೂಕದ ಲೆಕ್ಕದಲ್ಲಿ ಕೊಟ್ಟರು. ಬ್ಲಾಕು ಒಂದು ಕಡೆ, ಬಿಚ್ಚಿದ ಕ್ಯಾಪುಗಳೆಲ್ಲ ಒಂದು ಗೋಣಿಚೀಲದಲ್ಲಿ. ಈ ಎಂಜಿನ್ನಿಗೆ ಮೇನ್ ಬೇರಿಂಗ್ ಮೂರೇ ಮೂರು. ಮುಂದಿನ ಕ್ಯಾಪು, ಹಿಂದಿನ ಕ್ಯಾಪು ಆಕಾರದಿಂದಲೇ ಗುರುತು ಸಿಕ್ಕವು. ನಡುವಿನದು ಸಿಗಲಿಲ್ಲ. ಚೀಲದೊಳಗೆ ಅದೇ ಥರದ್ದೊಂದು ಇತ್ತು, ಬೋಲ್ಟಿನ ತೂತು ಸರಿಹೊಂದಿತು, ಎಂಜಿನ್ ಕಟ್ಟುತ್ತಿದ್ದವರು ಅದನ್ನೇ ಹಾಕಿದರು.

ಮುಂದಿನದು, ಹಿಂದಿನದು ಬಿಗಿದಾಗ ಕ್ರ್ಯಾಂಕ್ ಎರಡು ಬೆರಳಿನಲ್ಲಿ ತಿರುಗಿತು. ನಡುವಿನದು ಬಿಗಿದ ಕೂಡಲೇ ಪಾನಾ ಹಾಕಿ ಮೈಭಾರ ಬಿಡಬೇಕಾಯಿತು. ಎಂಜಿನ್ ಅಲ್ಲೇ ಮಾತಾಡಿತ್ತು ನೋಡ್ರಿ, ಕೇಳುವವರು ಬೇಕಿತ್ತು. ‘ಹೊಸ ಬೇರಿಂಗ್, ನಾಲ್ಕು ದಿನ ಓಡಿದರೆ ಸಡಿಲ ಆಗುತ್ತದೆ’ ಅಂದರು. ಎಂಜಿನ್ ಸ್ಟಾರ್ಟ್ ಆಯಿತು, ಆಯಿಲ್ ಪ್ರೆಶರ್ ಚೆನ್ನಾಗಿಯೇ ತೋರಿಸಿತು. ಬಳ್ಳಾರಿಯಿಂದ ಹೊಸಪೇಟೆ ರಸ್ತೆ ಹಿಡಿದು ಕುಡುತಿನಿ ದಾಟುವಷ್ಟರಲ್ಲಿ ಕೆಳಗಿನಿಂದ ಬಡಿತ ಶುರುವಾಯಿತು.

ಬಿಚ್ಚಿದಾಗ ನಡುವಿನ ಶೆಲ್ಲಿನಲ್ಲಿ ಎಲ್ಲ ಬರೆದಿಟ್ಟ ಹಾಗೆ ಕಾಣಿಸಿತು. ಒಂದು ಅಂಚಿನಲ್ಲಿ ಬೂದು ಪದರ ಉಜ್ಜಿಹೋಗಿ ಕೆಂಪಗೆ ತಾಮ್ರ ಹೊರಬಿದ್ದಿದೆ, ಅದರ ಎದುರಿನ ಅಂಚು ಡಬ್ಬಿಯಿಂದ ತೆಗೆದಷ್ಟೇ ಹೊಸದು. ಕ್ಯಾಪು ಪಕ್ಕಕ್ಕೆ ಸರಿದು ಕೂತಿತ್ತು. ಎಷ್ಟು? 0.05 ಮಿಲಿಮೀಟರ್. ತಲೆಗೂದಲಿಗಿಂತ ತೆಳು. ಆಯಿಲ್ ಇರಬೇಕಾದ ಸಂದು ಒಟ್ಟು ಅಷ್ಟೇ ಇರುವಾಗ, ಒಂದು ಕಡೆ ಅದು ಪೂರ್ತಿ ಮುಚ್ಚಿಹೋಯಿತು. ಕಾರ್ಖಾನೆಯಲ್ಲಿ ಕ್ಯಾಪುಗಳನ್ನು ಬ್ಲಾಕಿಗೆ ಬಿಗಿದ ಮೇಲೆಯೇ ಮೂರನ್ನೂ ಒಂದೇ ಸಾಲಿನಲ್ಲಿ ಬೋರ್ ಹೊಡೆದಿರುತ್ತಾರೆ. ಆ ದುಂಡು ತೂತಿನ ಅರ್ಧ ಬ್ಲಾಕಿನಲ್ಲಿ, ಇನ್ನರ್ಧ ಕ್ಯಾಪಿನಲ್ಲಿ. ಬೇರೆ ಬ್ಲಾಕಿನ ಅರ್ಧ ತಂದು ಸೇರಿಸಿದರೆ ದುಂಡು ಆಗುವುದಾದರೂ ಹೇಗೆ? ಕೊನೆಗೆ ಕ್ರ್ಯಾಂಕನ್ನು ಮತ್ತೆ ಗ್ರೈಂಡ್ ಮಾಡಿಸಿ, ಬ್ಲಾಕನ್ನು ಲೈನ್ ಬೋರಿಂಗಿಗೆ ಕಳಿಸಬೇಕಾಯಿತು. ಚೀಲದಲ್ಲಿ ಉಳಿಸಿದ ದುಡ್ಡು ಎಲ್ಲಿ ಹೋಯಿತು ಅಂತ ನೀವೇ ಲೆಕ್ಕ ಹಾಕಿ.

ಆದ್ದರಿಂದ ಕ್ಯಾಪು ಬಿಗಿದಿರುವ ಬ್ಲಾಕು ಮಾತ್ರ ಕೊಳ್ಳಿ. ಕಟ್ಟುವಾಗ ಒಂದೊಂದೇ ಕ್ಯಾಪು ಬಿಗಿಯಿರಿ, ಪ್ರತಿ ಸಲ ಕ್ರ್ಯಾಂಕ್ ತಿರುಗಿಸಿ ನೋಡಿ. ಯಾವುದು ಬಿಗಿದಾಗ ಹಿಡಿಯಿತೋ ತಪ್ಪು ಅಲ್ಲೇ ಇದೆ. ಕನೆಕ್ಟಿಂಗ್ ರಾಡಿನದೂ ಇದೇ ಕಥೆ. ಬಿಚ್ಚುವ ಮುಂಚೆ ರಾಡಿಗೂ ಕ್ಯಾಪಿಗೂ ಒಂದೇ ಪಕ್ಕದಲ್ಲಿ ನಂಬರ್ ಇದೆಯೇ ನೋಡಿ. ಇಲ್ಲದಿದ್ದರೆ ನೀವೇ ಬರೆದುಕೊಳ್ಳಿ.

ಪಿಸ್ಟನ್ ವಿಷಯದಲ್ಲಿ ಎಲ್ಲರೂ ತಲೆಕೆಳಗು ಮಾಡುತ್ತಾರೆ. ಮೊದಲು ಸವೆದ ಸಿಲಿಂಡರನ್ನು ಹಿಗ್ಗಿಸಿ ಬೋರ್ ಹೊಡೆಸಿ, ಆಮೇಲೆ ಪಿಸ್ಟನ್ ಹುಡುಕುತ್ತಾರೆ. ಗಂಗಾವತಿ, ಸಿಂಧನೂರಿನಲ್ಲಿ ಟ್ರ್ಯಾಕ್ಟರಿಗೆ ಬೋರ್ ಹೊಡೆಯುವ ಮಷೀನುಗಳಿವೆ, ಒಳ್ಳೆಯ ಕೈಗಳೂ ಇವೆ. ಆದರೆ ಪಿಸ್ಟನ್ ನಿಮ್ಮ ಕೈಗೆ ಬರುವ ತನಕ ಬ್ಲಾಕನ್ನು ಅಲ್ಲಿಗೆ ಒಯ್ಯಬೇಡಿ. 20 ಥೌ, ಅಂದರೆ ಇಂಚಿನ ಸಾವಿರದ 20 ಭಾಗ, ಓವರ್‌ಸೈಜ್ ಅಂತ ಡಬ್ಬಿಯ ಮೇಲೆ ಬರೆದಿದ್ದರೂ ನಾಲ್ಕೂ ಪಿಸ್ಟನ್ ಅಳೆಸಿ, ಒಂದೊಂದು ಬೋರನ್ನೂ ಅದರ ಪಿಸ್ಟನ್ನಿಗೆ ಹೊಡೆಸಿ, ನಂಬರ್ ಹಾಕಿಸಿ. ರಿಂಗನ್ನು ಬೋರಿನೊಳಗೆ ಇಳಿಸಿ, ಪಿಸ್ಟನ್ ತಲೆಯಿಂದ ನೇರಕ್ಕೆ ತಳ್ಳಿ, ಬಾಯಿಯ ಸಂದಿಗೆ ಫೀಲರ್ ಗೇಜ್ ಹಾಕಿ. 0.20ರಿಂದ 0.33 ಮಿಲಿಮೀಟರ್ ಇರಬೇಕು. ಕಡಿಮೆ ಇದ್ದರೆ ಬಿಸಿಗೆ ತುದಿಗಳು ಕೂಡಿಕೊಂಡು ರಿಂಗ್ ಮುರಿಯುತ್ತದೆ. ಕ್ರ್ಯಾಂಕ್ ಗ್ರೈಂಡಿಂಗಿಗೂ ಹೀಗೆಯೇ, ಶೆಲ್ಲು ಕೈಯಲ್ಲಿಟ್ಟುಕೊಂಡು ಹೋಗಿ. ಗುಜರಿಯ ಹಳೆ ಶೆಲ್ಲಿನ ಉಪಯೋಗ ಒಂದೇ, ಹಿಂಬದಿಯಲ್ಲಿ 010, 020 ಅಂತ ಇರುವ ಸೈಜ್ ಓದಿಕೊಳ್ಳುವುದು. ಓದಿ ಬಿಸಾಕಿ.

ಈ ಎಂಜಿನ್ನಿನ ನಿಜವಾದ ಮರ್ಮಸ್ಥಾನ ಹಿಂದಿನ ಮೇನ್ ಬೇರಿಂಗಿನ ಅಕ್ಕಪಕ್ಕದಲ್ಲಿದೆ. ಅಲ್ಲಿ ಅರ್ಧಚಂದ್ರದ ಥರ ಎರಡು ಥ್ರಸ್ಟ್ ವಾಷರ್ ಇವೆ. ಅವೂ ಜೋಡಿಯೇ. ಕ್ಲಚ್ ತುಳಿದಾಗಲೆಲ್ಲ ಕ್ರ್ಯಾಂಕ್ ಮುಂದಕ್ಕೆ ಒತ್ತುತ್ತದೆ, ಆ ಒತ್ತಡವನ್ನೆಲ್ಲ ಹಿಂದಿನ ವಾಷರೇ ಹೊರಬೇಕು. ಸವೆದು ತೆಳುವಾದರೆ ಜಾರಿ ಸಂಪಿನೊಳಗೆ, ಅಂದರೆ ಕೆಳಗಿನ ಆಯಿಲ್ ತೊಟ್ಟಿಯೊಳಗೆ, ಬೀಳುತ್ತದೆ. ಆಮೇಲೆ ಕ್ರ್ಯಾಂಕ್ ನೇರವಾಗಿ ಬ್ಲಾಕನ್ನೇ ಕೊರೆಯುತ್ತದೆ. ಗುಜರಿಯಲ್ಲಿ ಕೊಳ್ಳುವ ಮುಂಚೆ ಮುಂದಿನ ಪುಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಜಗ್ಗಿ ನೋಡಿ. ಕಣ್ಣಿಗೆ ಕಾಣುವಷ್ಟು ಅಲ್ಲಾಡಿದರೆ ಸಂಪ್ ಇಳಿಸಿ ಒಳಗೆ ನೋಡುವ ತನಕ ದುಡ್ಡು ಕೊಡಬೇಡಿ. ಕಟ್ಟುವಾಗ ಆ ಅಲ್ಲಾಟ ಡಯಲ್ ಗೇಜಿನಲ್ಲಿ 0.10ರಿಂದ 0.20 ಮಿಲಿಮೀಟರ್ ಬರಬೇಕು. ವಾಷರಿನ ಗೀರು ಇರುವ ಮುಖ ಕ್ರ್ಯಾಂಕಿನ ಕಡೆಗೆ. ತಿರುಗಿಸಿ ಹಾಕಿದರೆ ಅದು ಉಳಿಯುವುದಿಲ್ಲ.

ನಮ್ಮ ಊರಿನ ಎರಡು ಶತ್ರುಗಳನ್ನೂ ಹೇಳಬೇಕು. ಒಂದು, ಕೆಂಪು ಧೂಳು. ಅದಿರಿನ ಧೂಳು ಬೇರಿಂಗಿಗೆ ಉಜ್ಜುವ ಕಾಗದ ಇದ್ದಂತೆ. ಕಟ್ಟುವ ದಿನ ಬಾಗಿಲು ಮುಚ್ಚಿ, ನೆಲಕ್ಕೆ ನೀರು ಚಿಮುಕಿಸಿ. ಬಳ್ಳಾರಿಯಲ್ಲಿ ಒರೆಸಲು ಜೀನ್ಸ್ ಬಟ್ಟೆಯ ತುಂಡು ಬೇಕಾದಷ್ಟು ಸಿಗುತ್ತದೆ, ಅದನ್ನು ಎಂಜಿನ್ ಒಳಗೆ ಬಳಸಲೇಬೇಡಿ. ಅಂಚಿನ ನೂಲು ಉದುರಿ ಆಯಿಲ್ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಬಿಸಿಲು. ಅಳತೆಗೆ ಲೆಕ್ಕ ಇರುವುದು 20 ಡಿಗ್ರಿಯಲ್ಲಿ. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ 40 ದಾಟಿರುತ್ತದೆ. ಬಿಸಿಲಿನಲ್ಲಿದ್ದ ಕ್ರ್ಯಾಂಕು, ನೆರಳಿನಲ್ಲಿದ್ದ ಮೈಕ್ರೋಮೀಟರು, ಈ ಜೋಡಿಯೂ ಆಗಿಬರುವುದಿಲ್ಲ. ರಾತ್ರಿ ಎರಡನ್ನೂ ಒಂದೇ ಕೋಣೆಯಲ್ಲಿಟ್ಟು ಬೆಳಗಿನ ಜಾವ ಅಳೆಯಿರಿ.

ವೇಳೆ ಹತ್ತಿರ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಕ್ಯಾಮ್ ಫಾಲೋವರ್ ಎಂಟನ್ನೂ ಮೊಟ್ಟೆ ಟ್ರೇಯಲ್ಲಿ ನಂಬರ್ ಹಾಕಿ ಇಡಿ. ಒಂದೊಂದೂ ತನ್ನ ಕ್ಯಾಮಿನ ಮೇಲೆಯೇ ಸವೆದಿದೆ, ಅದಲು ಬದಲಾದರೆ ಕ್ಯಾಮ್ ತುಂಬಾ ಬೇಗ ಗುಳಿ ಬೀಳುತ್ತದೆ. ಕ್ಯಾಮ್ ಹೊಸದಾದರೆ ಫಾಲೋವರೂ ಹೊಸದೇ. ಆಗ ಮೊದಲ ಸ್ಟಾರ್ಟಿನಲ್ಲಿ 20 ನಿಮಿಷ 2000 ಆರ್‌ಪಿಎಮ್ ಹಿಡಿಯಿರಿ, ಐಡಲಿಗೆ ಬಿಡಬೇಡಿ. ಆಯಿಲ್ ಪಂಪಿಗೆ ವ್ಯಾಸಲೀನ್ ತುಂಬಿ ಕೂರಿಸಿ. ಪ್ಲಗ್ಗು ಬಿಚ್ಚಿಟ್ಟು, ಪ್ರೆಶರ್ ಬರುವ ತನಕ ಸೆಲ್ಫ್ ಹೊಡೆದು, ಆಮೇಲೆ ಸ್ಟಾರ್ಟ್ ಮಾಡಿ. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥೆನಾಲ್ ಇದೆ, ಅದು ಹಳೆ ರಬ್ಬರನ್ನು ತಿನ್ನುತ್ತದೆ. ಪಂಪಿನ ಡಯಾಫ್ರಮ್ಮು, ಪೈಪು ಗುಜರಿಯದ್ದು ಬೇಡವೇ ಬೇಡ.

ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಸುಮಾರು 60 ನ್ಯೂಟನ್ ಮೀಟರಿಗೆ ಬಿಗಿಯಿರಿ. ಟ್ಯಾಪೆಟ್ಟಿಗೆ, ಅಂದರೆ ವಾಲ್ವಿನ ಮೇಲಿನ ಸಂದು ಸರಿಮಾಡಲು, ಒಂಬತ್ತರ ಲೆಕ್ಕ. 8ನೇ ವಾಲ್ವ್ ಪೂರ್ತಿ ತೆರೆದಾಗ 1ನೆಯದನ್ನು ಸರಿಮಾಡಿ, 6 ತೆರೆದಾಗ 3ನೆಯದನ್ನು. ಇಲ್ಲೂ ಜೋಡಿಯೇ, ಕೂಡಿದರೆ ಒಂಬತ್ತು. ತಣ್ಣಗಿರುವಾಗ ಸಂದು 0.25 ಮಿಲಿಮೀಟರ್. ಮೊದಲ ದಿನ ಓಡಿಸಿ ನಿಲ್ಲಿಸಿ, ರಾತ್ರಿಯಿಡೀ ತಣ್ಣಗಾಗಲು ಬಿಡಿ. ಮರುದಿನ ಬೆಳಗ್ಗೆ ಹೆಡ್ಡನ್ನು ಮತ್ತೊಮ್ಮೆ ಬಿಗಿದು, ಎಂಟೂ ಟ್ಯಾಪೆಟ್ ಮತ್ತೆ ನೋಡಿ, ಆಮೇಲೆ ಬಾನೆಟ್ ಮುಚ್ಚಿ. ನಮಸ್ಕಾರ.